9.81 ಬರಲಿಲ್ಲವೇ? ಶಾಲೆಯ ಪ್ರಯೋಗಗಳಲ್ಲಿ ಅಳತೆಯ ದೋಷ ಹಿಡಿಯುವ ಬಗೆ

ಸರಳ ಲೋಲಕದ ಪ್ರಯೋಗ ಮುಗಿಸಿ ಲೆಕ್ಕ ಹಾಕಿದಾಗ ಗುರುತ್ವ ವೇಗೋತ್ಕರ್ಷ 9.67 ಎಂದು ಬಂತು ಎನ್ನಿ. ಹೆಚ್ಚಿನ ಮಕ್ಕಳು ಆಗ ಎರೇಸರ್ ತೆಗೆಯುತ್ತಾರೆ. ಸಮಯದ ರೀಡಿಂಗನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ, ಪುಸ್ತಕದಲ್ಲಿರುವ 9.81 ಬರಿಸಿ, ಜರ್ನಲ್ ಸಬ್ಮಿಟ್ ಮಾಡುತ್ತಾರೆ. ಮುಂಬಯಿಯಲ್ಲಿ ಕುಳಿತು 9.81 ಬರಿಸಲು ಇಷ್ಟು ಒದ್ದಾಡುವುದೇ ಒಂದು ತಮಾಷೆ, ಏಕೆಂದರೆ ಇಲ್ಲಿ ಅದರ ಬೆಲೆ 9.81 ಅಲ್ಲ. ಭೂಮಿ ಸಮಭಾಜಕದ ಬಳಿ ಉಬ್ಬಿದೆ, ತಿರುಗುತ್ತಲೂ ಇದೆ. ಹಾಗಾಗಿ 19 ಡಿಗ್ರಿ ಅಕ್ಷಾಂಶದ ಮುಂಬಯಿಯಲ್ಲಿ ಅದು ಸೆಕೆಂಡ್ ವರ್ಗಕ್ಕೆ ಸುಮಾರು 9.79 ಮೀಟರ್. ಇನ್ನಷ್ಟು ದಕ್ಷಿಣಕ್ಕಿರುವ ಪಣಜಿಯಲ್ಲಿ 9.78. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲೂ 9.78. 9.81 ಎಂಬುದು ಲಂಡನ್ನಿನಂಥ ಊರಿನ ಬೆಲೆ.

ಇನ್ನು ಆ 9.67. ಅದು ಸುಮ್ಮನೆ ಕೆಟ್ಟ ಉತ್ತರವಲ್ಲ, ಎಲ್ಲಿ ಎಡವಿದಿರಿ ಎಂಬುದನ್ನು ಹೇಳುವ ಉತ್ತರ. ದಾರದ ಉದ್ದ ಅಳೆದು, ಗುಂಡಿನ ತ್ರಿಜ್ಯ ಸೇರಿಸುವುದನ್ನು ಮರೆತರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ತಿದ್ದಿಬಿಟ್ಟರೆ ಆ ಸುಳಿವೂ ಹೋಯಿತು.

ತಪ್ಪು ಬೇರೆ, ದೋಷ ಬೇರೆ

19 ಆಂದೋಲನ ಎಣಿಸಿ 20 ಎಂದು ಬರೆದರೆ ಅದು ತಪ್ಪು. ಮತ್ತೆ ಮಾಡಿದರೆ ಹೋಗುತ್ತದೆ. ದೋಷ ಹಾಗಲ್ಲ, ಎಷ್ಟೇ ಜಾಗ್ರತೆಯಿಂದ ಅಳೆದರೂ ಸ್ವಲ್ಪ ಉಳಿದೇ ಇರುತ್ತದೆ. ಮರಾಠಿ ಪುಸ್ತಕದಲ್ಲಿ ಇದಕ್ಕೆ ತ್ರುಟಿ ಎನ್ನುತ್ತಾರೆ, ಹನ್ನೊಂದನೆಯ ತರಗತಿಗೆ ಹೋದರೆ ಎರರ್. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಕಾಲೇಜಿನಲ್ಲಿ ಮತ್ತೊಂದು ಭಾಷೆಯಲ್ಲಿ ಕಲಿಯುವ ಮುಂಬಯಿ ಕಡೆಯ ನಮ್ಮ ಕನ್ನಡದ ಮಕ್ಕಳು ಈ ಮೂರನ್ನೂ ತಪ್ಪು ಎಂದೇ ತಿಳಿದು ಹೆದರುತ್ತಾರೆ. ಅರ್ಧ ಗೊಂದಲ ಹುಟ್ಟುವುದೇ ಅಲ್ಲಿ.

ದೋಷದಲ್ಲಿ ಎರಡು ಬಗೆ. ಪ್ರತಿ ಸಲವೂ ಒಂದೇ ಕಡೆಗೆ ಎಳೆಯುವುದು ಕ್ರಮಬದ್ಧ ದೋಷ: ತುದಿ ಸವೆದ ಸ್ಕೇಲು, ಸೊನ್ನೆಯಲ್ಲಿ ನಿಲ್ಲದ ಮುಳ್ಳು. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತೋರಿಸುವುದು ಯಾದೃಚ್ಛಿಕ ದೋಷ: ಸ್ಟಾಪ್‌ವಾಚ್ ಒತ್ತುವ ಬೆರಳಿನ ಏರುಪೇರು. ಸರಾಸರಿ ತೆಗೆದರೆ ಎರಡನೆಯದು ತಗ್ಗುತ್ತದೆ. ಮೊದಲನೆಯದಕ್ಕೆ ಸರಾಸರಿ ಏನೂ ಮಾಡಲಾರದು. ಸವೆದ ಸ್ಕೇಲಿನಿಂದ ನೂರು ಸಲ ಅಳೆದರೂ ಅಷ್ಟೇ ತಪ್ಪುತ್ತೀರಿ. ಆದ್ದರಿಂದ ರೀಡಿಂಗ್ ತೆಗೆಯುವ ಮೊದಲೇ ಸಾಧನವನ್ನು ವಿಚಾರಿಸಿಕೊಳ್ಳಬೇಕು.

ಮೊದಲ ಹೆಜ್ಜೆ: ಸೊನ್ನೆ ಸೊನ್ನೆಯಲ್ಲಿದೆಯೇ?

ವರ್ನಿಯರ್ ಕ್ಯಾಲಿಪರ್ಸ್‌ನಿಂದ ಶುರು ಮಾಡಿ. ಫ್ರಾನ್ಸಿನ ಪಿಯರ್ ವರ್ನಿಯರ್ 1631ರಲ್ಲಿ ವಿವರಿಸಿದ ಈ ಉಪಾಯ ಈಗಲೂ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಕ್ಕಳ ಬೆವರಿಳಿಸುತ್ತದೆ. ಶಾಲೆಯ ಸಾಧಾರಣ ಕ್ಯಾಲಿಪರ್ಸ್‌ನಲ್ಲಿ ವರ್ನಿಯರ್‌ನ (ಜಾರುವ ಚಿಕ್ಕ ಸ್ಕೇಲಿನ) 10 ಭಾಗಗಳು ಮುಖ್ಯ ಸ್ಕೇಲಿನ 9 ಮಿಲಿಮೀಟರಿಗೆ ಸಮ. ಒಂದು ಭಾಗ 0.9 ಮಿ.ಮೀ. ಆದ್ದರಿಂದ ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಚಿಕ್ಕ ಅಳತೆ) 0.1 ಮಿ.ಮೀ., ಅಂದರೆ 0.01 ಸೆಂ.ಮೀ.

ದವಡೆಗಳನ್ನು ಬಟ್ಟೆಯಿಂದ ಒರೆಸಿ, ಒತ್ತದೆ ಮುಚ್ಚಿ. ವರ್ನಿಯರ್‌ನ ಸೊನ್ನೆ ಮುಖ್ಯ ಸ್ಕೇಲಿನ ಸೊನ್ನೆಗಿಂತ ಬಲಕ್ಕೆ ನಿಂತು 3ನೆಯ ಗೀಟು ಕೂಡಿಕೊಂಡರೆ ಶೂನ್ಯ ದೋಷ +0.03 ಸೆಂ.ಮೀ. ಪ್ರತಿ ರೀಡಿಂಗಿನಿಂದಲೂ ಅದನ್ನು ಕಳೆಯಿರಿ. ಎಡಕ್ಕೆ ನಿಂತು 7ನೆಯ ಗೀಟು ಕೂಡಿಕೊಂಡರೆ ದೋಷ −0.07 ಅಲ್ಲ. ಎಡಕ್ಕೆ ಸರಿದಾಗ 10ರಿಂದ ಹಿಂದಕ್ಕೆ ಎಣಿಸಬೇಕು: 10ರಲ್ಲಿ 7 ಕಳೆದರೆ 3, ದೋಷ −0.03. ಋಣವನ್ನು ಕಳೆಯುವುದೆಂದರೆ ಕೂಡಿಸುವುದು, ಆದ್ದರಿಂದ ರೀಡಿಂಗಿಗೆ 0.03 ಸೇರಿಸಿ. ಮಕ್ಕಳು ಅತಿ ಹೆಚ್ಚು ಎಡವುವ ಜಾಗ ಇದೇ.

ತಂತಿಯ ದಪ್ಪ ಅಳೆಯುವ ಸ್ಕ್ರೂ ಗೇಜಿನಲ್ಲಿ ಇನ್ನೊಂದು ತೊಡಕು ಇದೆ. ಹಳೆಯ ಗೇಜುಗಳ ತಿರುಪು ಸಡಿಲಾಗಿರುತ್ತದೆ; ದಿಕ್ಕು ಬದಲಿಸಿದ ಕೂಡಲೇ ತಲೆ ಸ್ವಲ್ಪ ತಿರುಗಿದರೂ ತುದಿ ಕದಲುವುದಿಲ್ಲ. ಇದು ಬ್ಯಾಕ್‌ಲ್ಯಾಶ್. ಮದ್ದು ಸುಲಭ: ಯಾವಾಗಲೂ ಮುಚ್ಚುವ ದಿಕ್ಕಿನಲ್ಲೇ ತಿರುಗಿಸುತ್ತ ತಂತಿಯನ್ನು ತಲುಪಿ. ದಾಟಿಹೋದರೆ ಚೆನ್ನಾಗಿ ಹಿಂದೆ ತಂದು ಮತ್ತೆ ಮುಂದಕ್ಕೆ ಬನ್ನಿ. ಕೊನೆಯಲ್ಲಿ ತುದಿಯ ಚಿಕ್ಕ ಹಿಡಿಯಾದ ರ‍್ಯಾಚೆಟ್ಟನ್ನು ಮಾತ್ರ ಹಿಡಿದು ಟಕ್ ಟಕ್ ಎಂದು ಎರಡು ಮೂರು ಸಲ ಕೇಳುವವರೆಗೆ ತಿರುಗಿಸಿ. ದೊಡ್ಡ ತಲೆಯನ್ನೇ ಹಿಡಿದು ಬಿಗಿದರೆ ತಾಮ್ರದ ತಂತಿ ಚಪ್ಪಟೆಯಾಗಿ ವ್ಯಾಸ ಕಡಿಮೆ ಬರುತ್ತದೆ. ತಂತಿ ಪೂರ್ತಿ ದುಂಡಗೆ ಇರುವುದೂ ಇಲ್ಲ. ಒಂದೇ ಜಾಗದಲ್ಲಿ ಒಂದಕ್ಕೊಂದು ಲಂಬವಾಗಿ ಎರಡು ರೀಡಿಂಗ್, ಅಂಥ ಮೂರು ಜಾಗ, ಒಟ್ಟು ಆರು.

ಮರದ ಸ್ಕೇಲಿನಲ್ಲಿ ಸೊನ್ನೆಯ ತುದಿ ಸವೆದಿದ್ದರೆ 10 ಸೆಂ.ಮೀ. ಗೀಟಿನಿಂದ ಅಳೆದು 10 ಕಳೆಯಿರಿ. ಆಮ್ಮೀಟರ್, ವೋಲ್ಟ್‌ಮೀಟರ್‌ಗಳ ಮುಳ್ಳು ಸೊನ್ನೆಯಲ್ಲಿಲ್ಲದಿದ್ದರೆ ಮುಖದ ಮೇಲಿನ ಚಿಕ್ಕ ಸ್ಕ್ರೂ ತಿರುಗಿಸಿ ಸರಿಪಡಿಸಬಹುದು. ಅದು ಸವೆದು ಹೋಗಿದ್ದರೆ ಎಷ್ಟು ಆಚೀಚೆ ನಿಂತಿದೆಯೆಂದು ಬರೆದಿಟ್ಟುಕೊಳ್ಳಿ.

ಲೋಲಕ, ಹೆಜ್ಜೆ ಹೆಜ್ಜೆಯಾಗಿ

ಒಂದು ಪ್ರಯೋಗವನ್ನಾದರೂ ಕೊನೆಯವರೆಗೆ ಬಿಡಿಸಿ ನೋಡಿದರೆ ಉಳಿದವು ಹಗುರವಾಗುತ್ತವೆ. ಅದಕ್ಕೆ ಲೋಲಕಕ್ಕಿಂತ ಒಳ್ಳೆಯದಿಲ್ಲ.

ದಾರವನ್ನು ಸ್ಟ್ಯಾಂಡಿನ ಸರಳಿಗೆ ಸುತ್ತಬೇಡಿ. ಗುಂಡು ತೂಗಿದಂತೆ ದಾರ ಸರಳಿಗೆ ಸುತ್ತಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಉದ್ದ ಬದಲಾಗುತ್ತಲೇ ಇರುತ್ತದೆ. ನಡುವೆ ಸೀಳಿದ ಕಾರ್ಕಿನ ಎರಡು ಹೋಳುಗಳ ಮಧ್ಯೆ ದಾರ ಸಿಕ್ಕಿಸಿ ಕ್ಲ್ಯಾಂಪಿನಲ್ಲಿ ಬಿಗಿಯಿರಿ. ಉದ್ದ ಅಳೆಯುವುದು ಗುಂಡು ತೂಗುಬಿದ್ದ ಮೇಲೆ, ಮೇಜಿನ ಮೇಲೆ ದಾರ ಹರಡಿಕೊಂಡಲ್ಲ. ಹೊಲಿಗೆಯ ದಾರ ಭಾರಕ್ಕೆ ಹಿಗ್ಗುತ್ತದೆ. ಕಾರ್ಕಿನ ಕೆಳ ಅಂಚಿನಿಂದ ಗುಂಡಿನ ಮೇಲ್ಭಾಗದವರೆಗೆ, ಕೊಕ್ಕೆಯೂ ಸೇರಿ, 98.9 ಸೆಂ.ಮೀ. ಎನ್ನೋಣ. ಗುಂಡಿನ ವ್ಯಾಸ ಕ್ಯಾಲಿಪರ್ಸ್‌ನಲ್ಲಿ 2.24, ತ್ರಿಜ್ಯ 1.12. ಒಟ್ಟು ಉದ್ದ 100.0 ಸೆಂ.ಮೀ. ಎರಡು ತುದಿಯಲ್ಲೂ ಕಣ್ಣಳತೆಯ ಅನುಮಾನ ಒಂದೊಂದು ಮಿಲಿಮೀಟರ್, ಆದ್ದರಿಂದ ±0.2.

ಫ್ಯಾನ್ ಆರಿಸಿ. ಮುಂಬಯಿಯ ಸೆಕೆಯಲ್ಲಿ ಹತ್ತು ನಿಮಿಷ ಫ್ಯಾನಿಲ್ಲದಿರುವುದು ಕಷ್ಟವೇ, ಆದರೆ ಗಾಳಿಗೆ ಗುಂಡು ಅಂಡಾಕಾರದಲ್ಲಿ ಸುತ್ತತೊಡಗಿದರೆ ಆ ರೀಡಿಂಗ್ ಬಿಸಾಡಬೇಕಾಗುತ್ತದೆ.

ಗುಂಡನ್ನು ಪಕ್ಕಕ್ಕೆ 8 ಸೆಂ.ಮೀ.ಗಿಂತ ಹೆಚ್ಚು ಎಳೆಯಬೇಡಿ. ಒಂದು ಮೀಟರ್ ದಾರಕ್ಕೆ ಅದು ಸುಮಾರು 5 ಡಿಗ್ರಿ. ಸೂತ್ರ ನಿಂತಿರುವುದೇ ಕೋನ ಸಣ್ಣದು ಎಂಬ ಊಹೆಯ ಮೇಲೆ. 5 ಡಿಗ್ರಿಯಲ್ಲಿ ಆವರ್ತಕಾಲ, ಅಂದರೆ ಒಂದು ಆಂದೋಲನಕ್ಕೆ ಹಿಡಿಯುವ ಸಮಯ, ಹೆಚ್ಚುವುದು ಶೇಕಡಾ 0.05 ಮಾತ್ರ. ಉತ್ಸಾಹದಿಂದ 20 ಡಿಗ್ರಿ ಎಳೆದರೆ ಶೇಕಡಾ 0.77 ಹೆಚ್ಚುತ್ತದೆ, ಉತ್ತರ ಒಂದೂವರೆ ಶೇಕಡಾ ಕೆಳಗಿಳಿಯುತ್ತದೆ.

ಸಮಯ ಶುರು ಮಾಡಬೇಕಾದದ್ದು ಗುಂಡು ತುದಿಯಲ್ಲಿ ನಿಂತಾಗಲ್ಲ. ಅಲ್ಲಿ ಅದು ಕ್ಷಣಕಾಲ ತೆವಳುತ್ತದೆ, ಯಾವ ಗಳಿಗೆಯಲ್ಲಿ ತಿರುಗಿತೆಂದು ಹೇಳಲಾಗುವುದಿಲ್ಲ. ನಡುವಿನಲ್ಲಿ ಅದರ ವೇಗ ಅತಿ ಹೆಚ್ಚು, ದಾಟುವ ಗಳಿಗೆಯೂ ಅತಿ ಸ್ಪಷ್ಟ. ಗುಂಡಿನ ನೇರ ಕೆಳಗೆ ಮೇಜಿನ ಮೇಲೆ ಚಾಕ್‌ಪೀಸಿನಿಂದ ಗೀಟೆಳೆಯಿರಿ. ಗುಂಡು ಎಡದಿಂದ ಬಲಕ್ಕೆ ಗೀಟು ದಾಟಿದಾಗ ಬಟನ್ ಒತ್ತಿ ‘ಸೊನ್ನೆ’ ಎನ್ನಿ, ‘ಒಂದು’ ಅಲ್ಲ. ಮತ್ತೆ ಅದೇ ದಿಕ್ಕಿನಲ್ಲಿ ದಾಟಿದಾಗ ‘ಒಂದು’. ಹೀಗೆ 20.

20 ಏಕೆ? ಮನುಷ್ಯನ ಪ್ರತಿಕ್ರಿಯೆಗೆ ಸುಮಾರು 0.2 ಸೆಕೆಂಡ್ ಬೇಕು. ನಿಮ್ಮದೆಷ್ಟೆಂದು ನೋಡಿಕೊಳ್ಳುವುದು ಸುಲಭ. ಗೆಳೆಯ 30 ಸೆಂ.ಮೀ. ಸ್ಕೇಲನ್ನು ಲಂಬವಾಗಿ ಹಿಡಿಯಲಿ, ಸೊನ್ನೆಯ ಬಳಿ ನಿಮ್ಮ ಹೆಬ್ಬೆರಳು ತೋರುಬೆರಳು ಮುಟ್ಟದೆ ಇರಲಿ. ಹೇಳದೆ ಕೈಬಿಡಲಿ, ನೀವು ಹಿಡಿಯಿರಿ. 20 ಸೆಂ.ಮೀ. ಬಳಿ ಹಿಡಿದರೆ 0.20 ಸೆಕೆಂಡ್, 15ರ ಬಳಿ ಹಿಡಿದರೆ 0.17. ಒಂದೇ ಆಂದೋಲನ ಅಳೆದರೆ 2 ಸೆಕೆಂಡಿನಲ್ಲಿ 0.2, ಅಂದರೆ ಶೇಕಡಾ 10ರ ಅನುಮಾನ. ಅದೇ 0.2 ಸೆಕೆಂಡ್ 20 ಆಂದೋಲನಗಳ 40 ಸೆಕೆಂಡಿನಲ್ಲಿ ಶೇಕಡಾ ಅರ್ಧ. ಕಾಗದದ ದಪ್ಪ ಅಳೆಯಲು 100 ಹಾಳೆ ಒಟ್ಟಿಗೆ ಜೋಡಿಸುವುದೂ ಇದೇ ಉಪಾಯ. ಮೊಬೈಲ್ ಸ್ಟಾಪ್‌ವಾಚ್ 0.01 ಸೆಕೆಂಡ್ ತೋರಿಸುತ್ತದೆಂದು ಹಿಗ್ಗಬೇಡಿ: ಒತ್ತುವುದು ನಿಮ್ಮ ಬೆರಳೇ.

ಶುರುವಿನ ತಡವೂ ಕೊನೆಯ ತಡವೂ ಬಹುಪಾಲು ಒಂದನ್ನೊಂದು ಹೊಡೆದುಹಾಕುತ್ತವೆ, ಉಳಿಯುವುದು ಏರುಪೇರು ಮಾತ್ರ. ಅದಕ್ಕೇ ಇಬ್ಬರು ಸೇರಿ ಮಾಡುವಾಗ ಸ್ಟಾಪ್‌ವಾಚ್ ಕೈ ಬದಲಾಯಿಸಬಾರದು. ಖಗೋಳಜ್ಞ ಮ್ಯಾಸ್ಕೆಲಿನ್ 1796ರಲ್ಲಿ ಗ್ರೀನಿಚ್‌ನಲ್ಲಿ ತನ್ನ ಸಹಾಯಕನನ್ನು ಕೆಲಸದಿಂದ ತೆಗೆದದ್ದು ಅವನು ನಕ್ಷತ್ರ ದಾಟುವ ಸಮಯವನ್ನು ತನಗಿಂತ 0.8 ಸೆಕೆಂಡ್ ತಡವಾಗಿ ಬರೆಯುತ್ತಾನೆಂದು. ಅದು ಸೋಮಾರಿತನವಲ್ಲ, ಒಬ್ಬೊಬ್ಬರಿಗೆ ಒಂದೊಂದು ತಡವಿರುತ್ತದೆ ಎಂದು ಮುಂದೆ ಜರ್ಮನ್ ಖಗೋಳಜ್ಞ ಬೆಸೆಲ್ ತೋರಿಸಿಕೊಟ್ಟ. ಸಹಾಯಕನ ಕೆಲಸ ಅಷ್ಟರಲ್ಲಿ ಹೋಗಿಯೇ ಹೋಗಿತ್ತು.

ಈಗ ಲೆಕ್ಕ. 20 ಆಂದೋಲನಗಳಿಗೆ ಐದು ರೀಡಿಂಗ್: 40.21, 40.05, 40.32, 40.12, 40.25. ಸರಾಸರಿ 40.19. ಸರಾಸರಿಯಿಂದ ಒಂದೊಂದೂ ಎಷ್ಟು ದೂರ? 0.02, 0.14, 0.13, 0.07, 0.06. ಇವುಗಳ ಸರಾಸರಿ 0.08. ಹಾಗಾಗಿ ಸಮಯ 40.19 ± 0.08 ಸೆಕೆಂಡ್, ಆವರ್ತಕಾಲ ಅದರ ಇಪ್ಪತ್ತನೇ ಒಂದು, 2.0095.

ಉತ್ತರ = 39.48 × 1.000 ÷ (2.0095 × 2.0095). ಇಲ್ಲಿ 39.48 ಎಂದರೆ 4π²; ಅದನ್ನು ಮೀಟರಿನಲ್ಲಿ ಉದ್ದದಿಂದ ಗುಣಿಸಿ ಆವರ್ತಕಾಲದ ವರ್ಗದಿಂದ ಭಾಗಿಸಿದ್ದು. ಕ್ಯಾಲ್ಕುಲೇಟರ್ ತೋರಿಸುವುದು 9.77 ಚಿಲ್ಲರೆ, ಉದ್ದಕ್ಕೂ ಅಂಕಿಗಳು. ಎಷ್ಟು ಅಂಕಿ ಬರೆಯಬೇಕು ಎಂಬುದನ್ನು ಹೇಳುವುದು ದೋಷದ ಲೆಕ್ಕ. ಗುಣಾಕಾರ ಭಾಗಾಕಾರಗಳಲ್ಲಿ ಶೇಕಡಾ ದೋಷಗಳು ಕೂಡುತ್ತವೆ, ವರ್ಗವಿದ್ದರೆ ಇಮ್ಮಡಿಯಾಗುತ್ತವೆ. ಉದ್ದದ ದೋಷ 100ರಲ್ಲಿ 0.2, ಅಂದರೆ ಶೇಕಡಾ 0.2. ಸಮಯದ್ದು 40.19ರಲ್ಲಿ 0.08, ಅದೂ ಶೇಕಡಾ 0.2, ವರ್ಗದಿಂದಾಗಿ 0.4. ಒಟ್ಟು 0.6. 9.78ರಲ್ಲಿ ಶೇಕಡಾ 0.6 ಎಂದರೆ 0.06. ಆದ್ದರಿಂದ ಬರೆಯಬೇಕಾದ ಉತ್ತರ 9.78 ± 0.06, ಎರಡೇ ದಶಾಂಶ.

ಅಂದರೆ 9.72ರಿಂದ 9.84ರವರೆಗೆ. ಮುಂಬಯಿಯ 9.79 ಇದರೊಳಗಿದೆ, ಲಂಡನ್ನಿನ 9.81 ಕೂಡ ಇದರೊಳಗೇ ಇದೆ! ಈ ದಾರ, ಈ ಬೆರಳು ಮುಂಬಯಿಗೂ ಲಂಡನ್ನಿಗೂ ವ್ಯತ್ಯಾಸ ಹೇಳಲಾರವು. ಹಾಗಿರುವಾಗ 9.78 ಅನ್ನು ಅಳಿಸಿ 9.81 ಮಾಡಿದರೆ ಗಳಿಸಿದ್ದೇನು?

ಉತ್ತರ ನೋಡಿ ರೋಗ ಹೇಳುವುದು

ಲೋಲಕದ ಉತ್ತರ 10.8ರ ಆಸುಪಾಸು ಬಂದರೆ ಬೇರೇನೂ ಹುಡುಕಬೇಡಿ, ಎಣಿಕೆ ‘ಒಂದು’ ಎಂದು ಶುರುವಾಗಿದೆ. ಆಗಿದ್ದು 19, ಬರೆದದ್ದು 20. 8.9ರ ಹತ್ತಿರ ಬಂದರೆ ಒಂದು ಆಂದೋಲನ ಹೆಚ್ಚಾಗಿದೆ. 9.6ರ ಮೇಲೆ ಸ್ವಲ್ಪ ಬಂದರೆ ಇಬ್ಬರು ಆರೋಪಿಗಳು: ಮರೆತ ತ್ರಿಜ್ಯ, ಇಲ್ಲವೇ ಅತಿಯಾಗಿ ಎಳೆದ ಗುಂಡು. ಉತ್ತರ 39ರ ಹತ್ತಿರ ಬಂದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಣಿಸಿದ್ದೀರಿ. ಅರ್ಧ ಆಂದೋಲನವನ್ನು ಪೂರ್ತಿ ಎಂದು ಲೆಕ್ಕ ಹಿಡಿದಾಗ ಹೀಗೆ ನಾಲ್ಕು ಪಟ್ಟಾಗುತ್ತದೆ.

ಇಬ್ಬರಲ್ಲಿ ಯಾರೆಂದು ತಿಳಿಯಲು ಗ್ರಾಫ್ ಬಳಸಿ. ದಾರದ ಉದ್ದ 60, 70, 80, 90, 100 ಸೆಂ.ಮೀ. ಮಾಡಿ, ಅಡ್ಡಕ್ಕೆ ಆವರ್ತಕಾಲದ ವರ್ಗ, ಉದ್ದಕ್ಕೆ ದಾರದ ಉದ್ದ ಗುರುತಿಸಿ. ಬಿಂದುಗಳ ನಡುವೆ ಹಾದುಹೋಗುವ ನೇರ ಗೆರೆ ಎಳೆಯಿರಿ, ಆದರೆ ಅದನ್ನು ಮೂಲಬಿಂದುವಿಗೆ ಬಲವಂತವಾಗಿ ಎಳೆದೊಯ್ಯಬೇಡಿ. ತ್ರಿಜ್ಯ ಮರೆತಿದ್ದರೆ ಗೆರೆ ಸೊನ್ನೆಗಿಂತ ಸುಮಾರು 1.1 ಸೆಂ.ಮೀ. ಕೆಳಗೆ ಅಕ್ಷವನ್ನು ಕತ್ತರಿಸುತ್ತದೆ. ಮರೆತ ತ್ರಿಜ್ಯ ಅಲ್ಲೇ ಸಿಗುತ್ತದೆ. ಇಳಿಜಾರು ಮಾತ್ರ ಕೆಡುವುದಿಲ್ಲ, 24.8ರ ಹತ್ತಿರವೇ ಇರುತ್ತದೆ. ಅದನ್ನು 39.48ರಿಂದ ಗುಣಿಸಿದರೆ ಸರಿಯಾದ 979 ಸೆಂ.ಮೀ. ಬರುತ್ತದೆ. ಒಂಟಿ ರೀಡಿಂಗಿನ ಸೂತ್ರಕ್ಕಿಂತ ಗ್ರಾಫನ್ನೇ ನಾವು ಹೆಚ್ಚು ನಂಬುವುದು ಇದಕ್ಕೆ.

ಊರು ತರುವ ದೋಷಗಳು

ಪುಣೆಯ ಲ್ಯಾಬಿನಲ್ಲಿ ಕುದಿಯುವ ನೀರಿಗೆ ಥರ್ಮಾಮೀಟರ್ ಇಟ್ಟರೆ 98ರಲ್ಲಿ ನಿಲ್ಲುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಎಂದು ಬದಲಿಸಬೇಡಿ. 560 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಕುದಿಯುವುದೇ ಸುಮಾರು 98 ಡಿಗ್ರಿಯಲ್ಲಿ. ಅದೇ ಥರ್ಮಾಮೀಟರ್ ಕಡಲಮಟ್ಟದ ದಾದರಿನಲ್ಲೋ ವಾಸ್ಕೋದಲ್ಲೋ 98 ತೋರಿಸಿದರೆ ಅನುಮಾನಪಡಬೇಕು. ಎಲ್ಲಿದ್ದರೂ ಕೆಲಸಕ್ಕೆ ಬರುವ ಪರೀಕ್ಷೆ ಮಂಜುಗಡ್ಡೆಯದು: ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಸೇರಿಸಿ ಕಲಕುತ್ತ ಐದು ನಿಮಿಷ ಬಿಡಿ. ಸೊನ್ನೆ ತೋರಿಸದಿದ್ದರೆ ದೋಷ ಥರ್ಮಾಮೀಟರಿನದೇ.

ಮುಂಬಯಿ, ಗೋವಾಗಳಲ್ಲಿ ಜೂನ್ ಬಂತೆಂದರೆ ತಕ್ಕಡಿಯ ಪ್ರಯೋಗಗಳಿಗೆ ಗ್ರಹಚಾರ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ಅದನ್ನು ಹೀರಲು ಶುರು ಮಾಡುತ್ತದೆ. ಜುಲೈಯಲ್ಲಿ ಇಲ್ಲಿನ ಕರಾವಳಿಯ ತೇವ ಸಾಮಾನ್ಯವಾಗಿ 80ರ ಮೇಲೆಯೇ. 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯ ಮೇಲೆ ಉಪ್ಪನ್ನು ಇಟ್ಟು ಸುಮ್ಮನೆ ನೋಡುತ್ತಿರಿ, ಕೊನೆಯ ಅಂಕಿ ಮೆಲ್ಲಗೆ ಏರುತ್ತದೆ. ಕಾಸ್ಟಿಕ್ ಸೋಡಾವಂತೂ ನೋಡನೋಡುತ್ತ ಜಿನುಗುತ್ತದೆ. ಬಾಟಲಿಯ ಮುಚ್ಚಳ ತೆಗೆದು, ತೂಗಿ, ತಕ್ಷಣ ಮುಚ್ಚಿ. ಬಿಸಿ ಕ್ರೂಸಿಬಲ್ಲನ್ನು (ಕಾಯಿಸುವ ಬಟ್ಟಲನ್ನು) ಹಾಗೇ ತೂಗಬೇಡಿ. ಅದರ ಮೇಲೇಳುವ ಬಿಸಿಗಾಳಿ ತಟ್ಟೆಯನ್ನು ಎತ್ತಿ ತೂಕ ಕಡಿಮೆ ತೋರಿಸುತ್ತದೆ. ಒಳಗಿನ ತೇವ ಹೀರಿಡುವ ಜಾಡಿಯಲ್ಲಿ, ಅಂದರೆ ಮುಚ್ಚಿದ ಡೆಸಿಕೇಟರಿನಲ್ಲಿ ಆರಲು ಬಿಡಿ.

ಓಮ್ ನಿಯಮದ ಪ್ರಯೋಗದಲ್ಲೂ ಕಡಲ ಗಾಳಿಯದೇ ಕಾಟ. ತಂತಿಯ ತುದಿಗಳು ಹಸಿರುಗಟ್ಟಿರುತ್ತವೆ, ಆ ಪದರವೇ ಒಂದು ರೋಧ. ಉಪ್ಪುಕಾಗದದಿಂದ ತಾಮ್ರ ಹೊಳೆಯುವವರೆಗೆ ಉಜ್ಜಿ. ವೋಲ್ಟ್‌ಮೀಟರಿನ ತಂತಿಗಳನ್ನು ಬ್ಯಾಟರಿಯ ಬಳಿಯಲ್ಲ, ರೋಧದ ಎರಡು ತುದಿಗೇ ನೇರ ಕೊಡಿ. ಆಗ ದಾರಿಯಲ್ಲಿನ ಕೊಳಕು ಸಂಪರ್ಕಗಳು ಲೆಕ್ಕಕ್ಕೆ ಬರುವುದಿಲ್ಲ. ರೀಡಿಂಗ್ ಆದ ಕೂಡಲೇ ಕೀ ತೆಗೆಯಿರಿ, ಇಲ್ಲವಾದರೆ ತಂತಿ ಕಾದು ರೋಧವೇ ಬದಲಾಗುತ್ತದೆ.

ಮಸೂರದ ಸಂಗಮದೂರಕ್ಕೆ ‘ದೂರದ ವಸ್ತು’ ಬೇಕು. ಎಷ್ಟು ದೂರ? ಮುಂಬಯಿಯ ಕಿಟಕಿಯಿಂದ ಕಾಣುವುದು ಎದುರು ಕಟ್ಟಡವೇ. ಅದು 15 ಮೀಟರ್ ಆಚೆಗಿದ್ದು ಮಸೂರ 10 ಸೆಂ.ಮೀ.ನದ್ದಾದರೆ ನಿಮಗೆ ಸಿಗುವುದು 10.07, ಸ್ಕೇಲಿನಲ್ಲಿ ಆ ವ್ಯತ್ಯಾಸ ಕಾಣುವುದೇ ಇಲ್ಲ. ಕೋಣೆಯೊಳಗೇ 2 ಮೀಟರ್ ದೂರದ ಕಿಟಕಿ ಹಿಡಿದರೆ 10.5, ಶೇಕಡಾ 5ರ ದೋಷ. ಮಸೂರ 20 ಸೆಂ.ಮೀ.ನದ್ದಾದರೆ ಅದೇ ಕಿಟಕಿಗೆ 22.2. ಅದು ಬಿಂಬದ ದೂರ, ಸಂಗಮದೂರವಲ್ಲ.

ಕಾಂತದ ಪ್ರಯೋಗಕ್ಕೆ ಮುಂಬಯಿಯದೇ ಒಂದು ಉದಾಹರಣೆ ಇದೆ. ಕೊಲಾಬಾ ವೀಕ್ಷಣಾಲಯದಲ್ಲಿ ಭೂಕಾಂತತ್ವ ಅಳೆಯುತ್ತಿದ್ದರು. ನಗರಕ್ಕೆ ವಿದ್ಯುತ್ ಟ್ರಾಮ್ ಬರಲಿದೆಯೆಂದಾಗ, ಅದರ ವಿದ್ಯುತ್ ಪ್ರವಾಹ ಮುಳ್ಳನ್ನು ಕದಲಿಸೀತೆಂದು 1904ರಲ್ಲಿ ಕೊಲ್ಲಿಯಾಚೆ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯ ಮಾಡಿದರು. ಎರಡು ವರ್ಷ, 1906ರವರೆಗೆ, ಎರಡೂ ಕಡೆ ಒಟ್ಟಿಗೆ ಅಳೆದು ಹೋಲಿಸಿಕೊಂಡರು, ಹಳೆಯ ದಾಖಲೆಗೂ ಹೊಸದಕ್ಕೂ ಕೊಂಡಿ ತಪ್ಪಬಾರದೆಂದು. ನಿಮ್ಮ ಮೇಜಿಗೆ ಉಕ್ಕಿನ ಕಾಲಿದ್ದರೆ, ಜೇಬಿನಲ್ಲಿ ಮೊಬೈಲಿದ್ದರೆ ಅದೇ ಕಥೆ. ದಿಕ್ಸೂಚಿಯನ್ನು ಮೇಜಿನ ನಾಲ್ಕು ಕಡೆ ಸರಿಸಿ ನೋಡಿ. ಮುಳ್ಳು ಒಂದೊಂದು ಕಡೆ ಒಂದೊಂದು ದಿಕ್ಕು ತೋರಿಸಿದರೆ ನೆಲದ ಮೇಲೆ ಹಾಳೆ ಹಾಸಿ ಮಾಡಿ. ಕಾಂಕ್ರೀಟಿನ ಸರಳುಗಳಿಂದಾಗಿ ಅಲ್ಲೂ ವಾಲಿದರೆ ಮೈದಾನಕ್ಕೆ ಹೋಗಿ.

ಅಳತೆಜಾಡಿಯ ವಿಷಯ ಎಲ್ಲರಿಗೂ ಗೊತ್ತಿರುವುದೇ: ಕಣ್ಣು ನೀರಿನ ಮಟ್ಟಕ್ಕೆ ಇಳಿಸಿ, ತಗ್ಗಿದ ನಡುಭಾಗ ಓದಿ. ಬಣ್ಣ ಗಾಢವಾಗಿದ್ದರೆ, ಪರ್ಮಾಂಗನೇಟಿನಂಥದ್ದಕ್ಕೆ, ಮೇಲಂಚು ಓದಿ. ಬೀಕರಿನ ಮೇಲಿನ ಗೀಟುಗಳು ಅಂದಾಜಿಗೆ ಮಾತ್ರ, ಅಳತೆಗಲ್ಲ.

ಜರ್ನಲ್‌ನಲ್ಲಿ ಏನು ಬರೆಯಬೇಕು

‘ದೋಷದ ಮೂಲಗಳು’ ಎಂಬ ಜಾಗದಲ್ಲಿ ‘ಮಾನವ ದೋಷ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಮೂರು ವಿಷಯ ಬರಬೇಕು: ಯಾವ ಅಳತೆ, ಎಷ್ಟು, ಉತ್ತರವನ್ನು ಯಾವ ಕಡೆಗೆ ತಳ್ಳುತ್ತದೆ. ಉದಾಹರಣೆಗೆ: ‘ಗುಂಡನ್ನು 20 ಡಿಗ್ರಿ ಎಳೆದದ್ದರಿಂದ ಆವರ್ತಕಾಲ ಶೇಕಡಾ 0.77 ಹೆಚ್ಚಿತು, ಹಾಗಾಗಿ ಉತ್ತರ ಶೇಕಡಾ 1.5 ಕಡಿಮೆ ಬಂದಿದೆ.’

ಪ್ರಮಾಣಿತ ಬೆಲೆಯ ಜಾಗದಲ್ಲಿ 9.79 ಬರೆದು ಪಕ್ಕದಲ್ಲಿ ‘ಮುಂಬಯಿ’ ಎಂದು ಸೇರಿಸಿ. ಪುಣೆ, ಗೋವಾದವರು 9.78. ತಿದ್ದುವವರು ಕೆಂಪು ಗೀಟು ಹಾಕುವ ಸಾಧ್ಯತೆ ಇದ್ದೇ ಇದೆ, ಆದ್ದರಿಂದ ಅಕ್ಷಾಂಶವನ್ನೂ ಒಂದು ಸಾಲಿನಲ್ಲಿ ನಮೂದಿಸಿ.

ರೀಡಿಂಗ್ ತಪ್ಪಾಯಿತೆಂದು ಖಾತ್ರಿಯಾದರೆ, ಉದಾಹರಣೆಗೆ ಎಣಿಕೆ ತಪ್ಪಿದ್ದು ಆಗಲೇ ಗೊತ್ತಾಗಿದ್ದರೆ, ಅದರ ಮೇಲೆ ಒಂದೇ ಗೆರೆ ಎಳೆಯಿರಿ. ಕೆಳಗಿನ ಅಂಕಿ ಓದುವಂತಿರಲಿ. ಪಕ್ಕದಲ್ಲಿ ‘ಎಣಿಕೆ ತಪ್ಪಿತು’ ಎಂದು ಬರೆದು ಹೊಸ ರೀಡಿಂಗನ್ನು ಕೆಳಗಿನ ಸಾಲಿನಲ್ಲಿ ಸೇರಿಸಿ. ಉಳಿದವುಗಳಿಂದ ದೂರವಿದೆ ಎಂಬುದಷ್ಟೇ ಕಾರಣವಾದರೆ ಹೊಡೆಯಬೇಡಿ, ಇನ್ನೂ ಐದು ರೀಡಿಂಗ್ ತೆಗೆಯಿರಿ.